ಬೀಗಿತ್ತಿಗೂ ಒಂದು ಉಣ್ಣೆ ಬನಿಯನ್

ಬರ್ ದುಬೈ
ಜನವರಿ ೧೮, ೨೦೨೫

ನನ್ನ ಬಂಗಾರದಂಥ ಮಗಳು ಯಶ್ಮಿತಾಳಿಗೆ,

ಬನಿಯಾಸಿನ ಮನೆಯಲ್ಲಿ ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ. ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡ ಮಾರಾಯ್ತಿ. ನೀನು ಫೋನನ್ನು ಸ್ಪೀಕರಿಗೆ ಹಾಕುತ್ತೀ, ಪಕ್ಕದಲ್ಲಿ ನಿನ್ನ ಅತ್ತೆ ಕೂತಿರುತ್ತಾರೆ. ಅದಕ್ಕೇ ಇದನ್ನು ನಿನಗೆಂದು ಕೊಂಡ ಜಾಕೆಟ್ಟಿನ ಒಳಜೇಬಿನಲ್ಲಿಟ್ಟು, ಬಟ್ಟೆಯ ಪೊಟ್ಟಣದ ಜೊತೆ ಅಳಿಯಂದಿರ ಕೈಯಲ್ಲಿ ಕಳಿಸಿದ್ದೇನೆ.

ಆಕಾಶದ ಹಸಿರು ಬೆಳಕಿನ ಫೋಟೋ ತೆಗೆಯಲು ಅತ್ತೆ ಸೊಸೆ ಫಿನ್‌ಲ್ಯಾಂಡಿಗೆ ಹೊರಟಿದ್ದೀರಿ. ಸಂತೋಷ. ಕ್ಯಾಮೆರಾ ಹಿಡಿಯುವ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾರೆ! ನಮಗೆ ಇಡ್ಲಿ ತಟ್ಟೆ ಹಿಡಿದೇ ಅಭ್ಯಾಸ. ಅಮ್ಮನಿಗೆ ಎ.ಸಿ. ಗಾಳಿಯೇ ತಡೆಯುವುದಿಲ್ಲ, ಅಷ್ಟು ಚಳಿಗೆ ಎಲ್ಲಿ ಬರುತ್ತಾರೆ ಅಂತ ನೀನೇ ಅಪ್ಪನ ಹತ್ತಿರ ನಗಾಡಿದೆಯಂತೆ. ಕೇಳಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಆದರೆ ಕೇಳಬೇಕಿತ್ತು.

ಇರಲಿ. ಮೈಗೆ ತಾಗುವುದು ಉಣ್ಣೆ ಬನಿಯನ್ನೇ ಆಗಲಿ. ಅದರ ಮೇಲೆ ಸ್ವೆಟರು, ಎಲ್ಲಕ್ಕಿಂತ ಹೊರಗೆ ಗಾಳಿ ನುಗ್ಗದ ಜಾಕೆಟ್ಟು. ತೆಳು ಕೈಗವುಸಿನ ಮೇಲೆ ದಪ್ಪದ್ದು ಹಾಕು. ಫೋಟೋ ತೆಗೆಯುವಾಗ ಮೇಲಿನದ್ದು ಮಾತ್ರ ಕಳಚು. ಬ್ಯಾಟರಿ ಎದೆಯ ಹತ್ತಿರ ಇಟ್ಟುಕೋ, ಚಳಿಗೆ ಬೇಗ ಸಾಯುತ್ತದೆ. ಒಳಗೆ ಬರುವ ಮೊದಲು ಕ್ಯಾಮೆರಾವನ್ನು ಚೀಲದೊಳಗೆ ಮುಚ್ಚು, ಇಲ್ಲದಿದ್ದರೆ ಬೆವರುತ್ತದೆ.

ಇನ್ನೊಂದು ಮಾತು. ಮೊನ್ನೆ ನಿನ್ನ ಅತ್ತೆ ಚಾಮುಂಡೇಶ್ವರಿಯವರು ನನಗೇ ಫೋನ್ ಮಾಡಿದ್ದರು. ‘ಚಳಿಗೆ ಏನು ಹಾಕಿಕೊಳ್ಳಲಿ? ಬಟ್ಟೆ ವಿಷಯ ನಿಮ್ಮ ಹತ್ರ ಕೇಳಿ ಅಂದ್ಲು ಯಶ್ಮಿತಾ’ ಅಂದರು. ಇಲ್ಲಿಯ ಸೆಖೆಗೆ ಹತ್ತಿಯೇ ದೇವರು, ಅವರಿಗೂ ಅದೇ ನಂಬಿಕೆ. ಹತ್ತಿ ಬನಿಯನ್ ಸಾಕಲ್ವಾ ಅಂದಾಗ ನಾನು ಸಾಕು ಸಾಕು, ಸಾಕ್ಸ್ ಮಾತ್ರ ಬೂಟಿನೊಳಗೆ ಹಿಡಿಯುವಷ್ಟು ತುರುಕಿ ಅಂದೆ. ಎರಡೂ ತಪ್ಪು, ನನಗೆ ಗೊತ್ತಿತ್ತು. ಬೆವರಿದ ಹತ್ತಿ ಒಣಗುವುದಿಲ್ಲ, ಮೈಗೆ ಅಂಟಿ ಕೊರೆಯುತ್ತದೆ. ಬಿಗಿ ಬೂಟಿನಲ್ಲಿ ಬೆರಳಿಗೆ ರಕ್ತ ಓಡುವುದಿಲ್ಲ. ಅವರು ನಡುಗಿ ರೂಮಿನಲ್ಲೇ ಕೂತರೆ ಕೂರಲಿ ಅನಿಸಿತು ನೋಡು, ಅಷ್ಟೇ. ಆಮೇಲೆ ಊಟ ಸೇರಲಿಲ್ಲ. ಪಾಪ, ಥ್ಯಾಂಕ್ಸ್ ಬೇರೆ ಹೇಳಿದರು.

ಪೊಟ್ಟಣದಲ್ಲಿ ಅವರಿಗೂ ಒಂದು ಉಣ್ಣೆ ಬನಿಯನ್ ಇದೆ. ನನಗಿಂತ ಒಂದು ಸೈಜ್ ದೊಡ್ಡದು ತಂದಿದ್ದೇನೆ, ಸೈಜಿನ ಮಾತು ಎತ್ತಬೇಡ. ಬೂಟು ಸಡಿಲವಾಗಿರಲಿ ಅನ್ನು. ಬೀಗಿತ್ತಿ ಹೇಳಿದ್ದು ತಪ್ಪು ಅಂತ ಬೇಕಾದರೂ ಹೇಳು, ಯಾಕೆ ಅಂತ ಮಾತ್ರ ಹೇಳಬೇಡ.

ಇನ್ನೂ ಸಿಟ್ಟು ಪೂರ್ತಿ ಇಳಿಯದ
ನಿನ್ನ ಅಮ್ಮ,
ಚಂದ್ರಮತಿ

ಮರೆತದ್ದು: ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳಬಹುದು. ನಿಮ್ಮ ಪ್ರಯಾಣದ ಸುದ್ದಿ ಬಂದ ಮೇಲೆ, ದೇವಸ್ಥಾನಕ್ಕೆ ಅಂತ ಅಪ್ಪನಿಗೆ ಸುಳ್ಳು ಹೇಳಿ, ಪಕ್ಕದ ಫ್ಲ್ಯಾಟಿನ ಜೋಯ್ಲಿನ್ ಜೊತೆ ಮಾಲಿನಲ್ಲಿ ಕೃತಕ ಹಿಮ ತುಂಬಿದ ಹಾಲ್‌ಗೆ ಹೋಗಿ, ಬೇರೆ ಬೇರೆ ಬಟ್ಟೆ ಹಾಕಿ ಚಳಿಯಲ್ಲಿ ನಿಂತು ನೋಡುತ್ತಿದ್ದೆ. ಮೊನ್ನೆ ಅವಳು ಚಳಿ ತಡೆಯಲಾಗದೆ ಹೊರಗೆ ಓಡಿದಳು. ನಾನು ನಡುಗಲಿಲ್ಲ. ಬೇಕಾದರೆ ಅವಳನ್ನೇ ಕೇಳು.