ಮೋಹನ ರಾಗಕ್ಕೆ ಮೂರು ರೀಡಿಂಗ್

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ಮೋಹನ ರಾಗವನ್ನು ಮೂರು ಸಲ ಹಾಡಿ ಮೂರು ಸಲವೂ ಒಂದೇ ಫಲಿತಾಂಶ ತರಲಿಲ್ಲವೆಂದು ತಾವು ಎರ್ಮಾಳಿನ ಯಶ್ಮಿತಾ ಎಂಬ ವಿದ್ಯಾರ್ಥಿನಿಯ ಪದವಿಯ ಅಂಕಪಟ್ಟಿಯನ್ನು ತಡೆಹಿಡಿದಿದ್ದೀರಿ. ಈ ವಾಕ್ಯವನ್ನು ಬರೆದು ನಾನೇ ನಾಲ್ಕು ಬಾರಿ ಓದಿದೆ. ನಾಲ್ಕು ಬಾರಿಯೂ ನಾಚಿಕೆಯಾಯಿತು, ತಮ್ಮ ಪರವಾಗಿ.

ಯಶ್ಮಿತಾ ಗಣಿತದ ವಿದ್ಯಾರ್ಥಿನಿ. ಬೇರೆ ವಿಭಾಗದ ಒಂದು ವಿಷಯವನ್ನೂ ಓದಬೇಕೆಂಬ ತಮ್ಮದೇ ನಿಯಮದಂತೆ ಸಂಗೀತ ಆರಿಸಿಕೊಂಡಳು. ಅಲ್ಲಿಯವರೆಗೆ ಎಲ್ಲವೂ ಚೆಂದ. ಆಮೇಲೆ ತಮ್ಮ ಸುತ್ತೋಲೆ ಬಂತು: ಪ್ರಾಕ್ಟಿಕಲ್ ಇರುವ ಎಲ್ಲ ವಿಷಯಗಳಿಗೂ ಇನ್ನು ಒಂದೇ ಮಾದರಿಯ ರೆಕಾರ್ಡ್ ಪುಸ್ತಕ. ರಸಾಯನಶಾಸ್ತ್ರದ ಲ್ಯಾಬಿನಿಂದ ಎತ್ತಿದ ಮಾದರಿ ಅದು. ಉದ್ದೇಶ, ಉಪಕರಣ, ವಿಧಾನ, ಮೂರು ರೀಡಿಂಗ್. ಕೊನೆಯಲ್ಲಿ ‘ಮೂರೂ ಬಾರಿ ಒಂದೇ ಫಲಿತಾಂಶ ಬಂದಿದೆ ಎಂದು ದೃಢೀಕರಿಸುತ್ತೇನೆ’ ಎಂಬ ಅಚ್ಚಾದ ಸಾಲು, ಅದರಡಿ ಸಹಿ. ಮ್ಯಾನೇಜ್‌ಮೆಂಟ್ ಓದುವ ಮಕ್ಕಳು ಸಂದರ್ಶನ ಎದುರಿಸುವ ಪ್ರಾಕ್ಟಿಕಲ್‌ಗೆ ಉಪಕರಣದ ಜಾಗದಲ್ಲಿ ‘ಟೈ’ ಎಂದು ಬರೆದು ಪಾಸಾಗಿದ್ದಾರೆ. ಯಶ್ಮಿತಾ ‘ಗಂಟಲು’ ಎಂದು ಬರೆದಳು. ಮೂರು ಆಲಾಪನೆಗಳೂ ಬೇರೆ ಬೇರೆಯಾಗಿ ಬಂದವೆಂದು ಉಳ್ಳದ್ದನ್ನು ಬರೆದಳು. ಅಚ್ಚಾದ ಸಾಲಿನಡಿ ಸಹಿ ಹಾಕಲಿಲ್ಲ.

ಕಳೆದ ಮಂಗಳವಾರ ಅವಳ ಜೊತೆ ತಮ್ಮ ಕಚೇರಿಗೆ ನಾನೂ ಬಂದಿದ್ದೆ. ಕೌಂಟರಿನಲ್ಲಿದ್ದ ಸ್ಟ್ಯಾನಿಸ್ಲಾಸ್ ಎಂಬವರು ಒಳ್ಳೆಯ ಮನುಷ್ಯರು. ರೆಕಾರ್ಡ್ ತೆರೆದು ನಕ್ಕರು.

“ಒಂದು ಸೈನ್ ಅಲ್ವಾ ಮಾರಾಯ್ತಿ? ಈಗಲೇ ಹಾಕು, ಈಗಲೇ ಸ್ಕ್ಯಾನ್ ಮಾಡ್ತೇನೆ.”

“ಮೂರು ಸಲವೂ ಬೇರೆ ಬೇರೆ ಬಂತಲ್ಲ ಸರ್.”

“ಹಾಗಾದ್ರೆ ನಿನಗೆ ಹಾಡ್ಲಿಕ್ಕೆ ಬರುವುದಿಲ್ಲ ಅಂತಾಯ್ತು.”

“ಬರುವುದರಿಂದಲೇ ಬೇರೆ ಬಂದದ್ದು.”

“ಲ್ಯಾಬಿನವರಿಗೆಲ್ಲ ಒಂದೇ ಬರ್ತದಾ? ಪಕ್ಕದವರದ್ದು ನೋಡಿ ಬರೆಯುವುದು. ಎಲ್ಲರೂ ಸೈನ್ ಹಾಕ್ತಾರೆ. ನೀನೆಂತ ಹರಿಶ್ಚಂದ್ರನ ಮೊಮ್ಮಗಳಾ?”

ಅವರು ಚಾಚಿದ ಪೆನ್ನು ಹಿಡಿದು ಅವಳು ನನ್ನ ಕಡೆ ನೋಡಿದಳು. “ಎಂತ ಮಾಡುವುದು ಟೀಚರ್?” ‘ಹಾಕು’ ಎಂದು ನಾನು ಹೇಳಬಹುದಿತ್ತು, ಅವಳ ಎಂ.ಎಸ್ಸಿ. ಸೀಟು ಉಳಿಯುತ್ತಿತ್ತು. ಅವಳು ಪೆನ್ನಿನ ಮುಚ್ಚಳ ಹಾಕಿ ಸ್ಟ್ಯಾನಿಸ್ಲಾಸ್ ಅವರಿಗೇ ಹಿಂದೆ ಕೊಟ್ಟಳು.

ನೋಡಿ ಮಾನ್ಯರೇ, ತಮ್ಮ ಏಕರೂಪತೆ ಏನನ್ನು ಸಾಧಿಸಿದೆ? ಲ್ಯಾಬಿನಲ್ಲಿ ಮೂರು ರೀಡಿಂಗ್ ತೆಗೆಯುವುದು ಸತ್ಯಕ್ಕೆ ಹತ್ತಿರವಾಗಲೆಂದು. ಅದನ್ನೇ ತಾವು ಸುಳ್ಳು ಕಲಿಸುವ ಯಂತ್ರ ಮಾಡಿದ್ದೀರಿ. ಈಗ ಅದು ಸಾಲದೆಂದು ಸಂಗೀತದ ಕೋಣೆಗೂ ತಂದಿರಿಸಿದ್ದೀರಿ. ಮೂರು ಸಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಡುವುದು ಮೊಬೈಲ್ ಫೋನು. ಅದಕ್ಕೆ ಪದವಿ ಕೊಡುವ ಯೋಚನೆ ಉಂಟೇ? ಪಾಠದ ಬಿಡುವಿನಲ್ಲೆಲ್ಲ ಕವಿತೆ ಓದಿ ಇಷ್ಟು ವರ್ಷ ಕಳೆದವಳು ನಾನು. ಒಂದೇ ಸಾಲು ಇಪ್ಪತ್ತರಲ್ಲಿ ಓದಿದಂತೆ ನಲವತ್ತೆಂಟರಲ್ಲಿ ಓದಿಸಿಕೊಳ್ಳುವುದಿಲ್ಲ. ತಮ್ಮ ಮಾದರಿಯಲ್ಲಿ ನಾನೂ ನಪಾಸು. ಹೊರಗಿನಿಂದ ಬಂದ ಪರೀಕ್ಷಕರು ಅವಳ ಹಾಡು ಕೇಳಿ ಐವತ್ತಕ್ಕೆ ನಲವತ್ತಾರು ಕೊಟ್ಟಿದ್ದಾರೆ. ಕೇಳಿದವರ ಕಿವಿಗಿಂತ ಕೇಳದ ಪುಸ್ತಕದ ಮೇಲೆ ತಮಗೆ ನಂಬಿಕೆ. ಇದನ್ನು ಮೌಲ್ಯಮಾಪನ ಎನ್ನುತ್ತೀರಿ. ನನಗೆ ಬೇರೆ ಹೆಸರು ತೋಚುತ್ತಿದೆ, ಈ ಬಹಿರಂಗ ಪತ್ರದಲ್ಲಿ ಬರೆದರೆ ಪತ್ರಿಕೆಯವರು ಅಚ್ಚು ಹಾಕಲಿಕ್ಕಿಲ್ಲ.

ಅವಳ ತಾಯಿ ಸುಗಂಧಿ ಬೆಳಿಗ್ಗೆ ಮಲ್ಪೆಯಿಂದ ಮೀನು ತಂದು ಕಾಪುವಿನಲ್ಲಿ ಮಾರುವವರು. ಮೊನ್ನೆ ಬುಟ್ಟಿ ಇಳಿಸಿ ನನ್ನಲ್ಲಿ ಕೇಳಿದರು, “ಎಂತ ಟೀಚರ್, ಅವಳು ಹಾಡಿದ್ದು ಸರಿಯಾಗ್ಲಿಲ್ವಾ?” “ಸರಿಯಾಗಿದೆ ಸುಗಂಧಿ,” ಎಂದೆ. “ಮತ್ತೆಂತಕ್ಕೆ ಹಿಡಿದಿಟ್ಟದ್ದು?” ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ.

ಬರುವ ಶುಕ್ರವಾರ ಸಂಜೆ ಐದರೊಳಗೆ ಅಂಕಪಟ್ಟಿ ತೋರಿಸದಿದ್ದರೆ ಅವಳ ಗಣಿತದ ಸೀಟು ಬೇರೆಯವರಿಗೆ ಹೋಗುತ್ತದೆ. ಅದಕ್ಕೆ ಮೊದಲು ಪರೀಕ್ಷಕರು ಕೊಟ್ಟ ನಲವತ್ತಾರನ್ನು ಸೇರಿಸಿ ಅಂಕಪಟ್ಟಿ ಕೊಡಿ. ಕೊಡಲಾಗದಿದ್ದರೆ, ‘ಈ ಹುಡುಗಿ ಸುಳ್ಳಿಗೆ ಸಹಿ ಹಾಕದ ಕಾರಣ ಅನುತ್ತೀರ್ಣ’ ಎಂದು ತಮ್ಮ ಕೈಯಿಂದಲೇ ಬರೆದು ಅದರಡಿ ತಾವು ಸಹಿ ಹಾಕಿ. ಒಂದು ಸೈನ್ ತಾನೇ?

ಇಂತಿ,
ಪ್ರಮೇಯವನ್ನು ಸಾಧಿಸದೆ ಕೊನೆಯಲ್ಲಿ ‘ಸಾಧಿತವಾಯಿತು’ ಎಂದು ಬರೆಯಬೇಡ ಎಂದು ಅವಳಿಗೆ ಕಲಿಸಿ, ಈಗ ಶುಕ್ರವಾರಕ್ಕೆ ದಿನ ಎಣಿಸುತ್ತಿರುವ ಗಣಿತದ ಟೀಚರ್,
ರಶೀದಾ, ಕಾಪು