ಜೋಗುಳದ ಬದಿಗೆ ಸೂರ್ಯ

ಜೂನ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ನನ್ನ ಮೇಜಿನ ಮೇಲೆ ಹಳೆಯದಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಕೆನಿಸಿದರೆ ಈ ಸಾಲಿನಲ್ಲೇ ಬೈದು ಮುಗಿಸು, ಮುಂದೆ ಓದುವುದು ಬಹಳ ಇದೆ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆ ಬೆಳಿಗ್ಗೆ ವಾಕಿಂಗ್ ಹೋಗುತ್ತಾಳೆ, ಬಂದು ನನ್ನನ್ನು ಓಡಾಡಿಸುತ್ತಾಳೆ. ಅಪ್ಪನಿಗೆ ಮಂಡಿ ಮೊಂಡು, ಮಾತು ಗುಂಡು, ಉಳಿದಂತೆ ಆರಾಮ. ನೀನು ಪ್ರತಿ ಸಲ "ಎಲ್ಲರೂ ಕ್ಷೇಮವೇ?" ಎಂದು ಬರೆಯುತ್ತೀಯಲ್ಲ, ಆ "ಎಲ್ಲರೂ" ಒಳಗೆ ಅಪ್ಪನೂ ಇದ್ದಾರೆಂದು ನಾನೇ ಓದಿಕೊಂಡು ಅವರಿಗೆ ತಿಳಿಸುತ್ತೇನೆ. ಈ ಕಾಗದ ಪೂರ್ತಿ ಅವರ ವಿಷಯವೇ. ಅರ್ಧಕ್ಕೆ ಮಡಚಿಡಬೇಡ.

ನಮ್ಮ ಕಂಪನಿ ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿಸಿ ಮಾರುತ್ತದೆಂದು ನಿನಗೆ ಗೊತ್ತು. ರೆಕಾರ್ಡಿನ ನಡುವಿನ ಗುಂಡನೆಯ ಲೇಬಲ್ ಹೊಂದಿಸುವುದು ನನ್ನ ಪಾಲಿನ ಕೆಲಸ. ಈ ಸಲ ಕೈಗೆ ಬಂದದ್ದು ಮಕ್ಕಳ ಹಾಡುಗಳದು. ಒಂದು ಬದಿಯಲ್ಲಿ ಬೆಳಗಿನ ಹಾಡುಗಳು, ಅದರ ಲೇಬಲ್ ಮೇಲೆ ನಗುವ ಸೂರ್ಯ. ಇನ್ನೊಂದು ಬದಿಯಲ್ಲಿ ಜೋಗುಳಗಳು, ಅದಕ್ಕೆ ತೂಕಡಿಸುವ ಚಂದ್ರ. ಆದರೆ ಆ ಕಾಲದಲ್ಲಿ ಮೊದಲು ಪೇಟೆಗೆ ಬಂದ ಪ್ರತಿಗಳಲ್ಲಿ ಲೇಬಲ್ ಅದಲುಬದಲಾಗಿತ್ತು. ಚಂದ್ರ ತಿರುಗುತ್ತಾ ಮಕ್ಕಳನ್ನು ಎಬ್ಬಿಸುತ್ತಿದ್ದ, ಸೂರ್ಯ ತಿರುಗುತ್ತಾ ಮಲಗಿಸುತ್ತಿದ್ದ.

ಈಗ ಅದಕ್ಕೇ ಜಗಳ. "ಗೊತ್ತಿದ್ದೂ ತಪ್ಪು ಅಚ್ಚು ಹಾಕಿದ್ರೆ ನಮ್ಮನ್ನ ಪೆದ್ದರು ಅಂತಾರೆ," ಎಂದು ನಮ್ಮ ಮಾಲೀಕರು. "ಸರಿ ಮಾಡಿದ್ರೆ ಅದು ಬೇರೆ ರೆಕಾರ್ಡು, ನಮಗೆ ಬೇಡ," ಎಂದು ರೆಕಾರ್ಡು ಕೂಡಿಡುವವರು. ಹಾಡು ಅದೇ, ರಾಗ ಅದೇ, ಕರ್ರನೆಯ ಗೀರೂ ಅದೇ. ಕಿವಿಗಿಲ್ಲದ ವ್ಯತ್ಯಾಸಕ್ಕೆ ಕಣ್ಣಿನ ವ್ಯಾಜ್ಯ. ಕೊನೆಗೆ ಮಾಲೀಕರು, "ನಿನಗೆ ಹೇಗೆ ಕಾಣುತ್ತೋ ಹಾಗೆ ಮಾಡು," ಎಂದು ನನ್ನ ತಲೆಗೆ ಕಟ್ಟಿದರು.

ಅವರಿಗೆ ಗೊತ್ತಿರಲಿಲ್ಲ, ಆ ಪ್ರತಿಗಳನ್ನು ಒತ್ತಿದ್ದು ನಮ್ಮ ಅಪ್ಪ ಎಂದು. ಕೆಳಗೊಂದು ಲೇಬಲ್, ಮೇಲೊಂದು ಲೇಬಲ್, ನಡುವೆ ಕಾದ ಕರಿ ಮುದ್ದೆ. ಪ್ರೆಸ್ಸಿನ ಹಿಡಿ ಎಳೆದರೆ ರೆಕಾರ್ಡು. ಒಂದು ದಿನ ಇಡೀ ಪಾಳಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಮಾಲು ಅಂಗಡಿ ಸೇರಿದ ಮೇಲೆ ಗೊತ್ತಾಯಿತು. ಅಪ್ಪನನ್ನು ಪ್ರೆಸ್ಸಿನಿಂದ ತೆಗೆದು ಪೆಟ್ಟಿಗೆ ಕಟ್ಟಲು ಹಾಕಿದರು. ನಿವೃತ್ತಿಯವರೆಗೂ ಜೊತೆಯವರು ಅವರನ್ನು ಕರೆದದ್ದು "ಗ್ರಹಣ" ಎಂದೇ.

ನಮ್ಮ ಗಿರಾಕಿಗಳಲ್ಲಿ ಸೂಜಿಮಾಮ ಎಂಬೊಬ್ಬನಿದ್ದಾನೆ. ನನಗಿಂತ ಚಿಕ್ಕವನೇ, ಆದರೆ ಅಂಗಿಯ ಜೇಬಿನಲ್ಲಿ ಸದಾ ಪ್ಲೇಯರಿನ ಸೂಜಿ ಇಟ್ಟುಕೊಂಡಿರುವುದರಿಂದ ಎಲ್ಲರಿಗೂ ಮಾಮ. ಕಾರ್ಖಾನೆಯ ಹಳಬರನ್ನು ವಿಚಾರಿಸಿ ಅಪ್ಪನನ್ನು ಪತ್ತೆ ಹಚ್ಚಿ, ಹೋದ ಭಾನುವಾರ ಮನೆಗೇ ಬಂದ. ಎದೆಗವಚಿಕೊಂಡಿದ್ದ ರೆಕಾರ್ಡನ್ನು ಅಪ್ಪನ ಮುಂದಿಟ್ಟ.

ಅಪ್ಪ ಕನ್ನಡಕ ಏರಿಸಿ ನೋಡಿದರು. ಮುಖ ಸಣ್ಣದಾಯಿತು. "ಇದನ್ನ ಇನ್ನೂ ಇಟ್ಕೊಂಡಿದೀರಾ? ಎಸೆದುಬಿಡಿ ಸ್ವಾಮಿ."

"ಎಸೆಯೋದಾ! ಇದರ ಮೇಲೆ ನಿಮ್ಮ ಸಹಿ ಬೇಕು ಯಜಮಾನ್ರೇ."

"ಈ ತಪ್ಪಿಗೆ ಕಾರ್ಖಾನೆಯವ್ರು ಒಂದು ಸಲ ನನ್ನ ಸಹಿ ಹಾಕಿಸ್ಕೊಂಡಿದಾರೆ. ಸಾಲದಾ?"

ಆಮೇಲೆ ನನ್ನತ್ತ ತಿರುಗಿ, "ಈ ಸಲವಾದ್ರೂ ಸರಿಯಾಗಿ ಹಾಕಪ್ಪ. ಕಣ್ಣು ಮುಚ್ಚೋ ಮುಂಚೆ ಒಂದು ಸರಿಯಾಗಿರೋದನ್ನ ನೋಡ್ತೀನಿ," ಎಂದರು. ಆಯ್ತಪ್ಪ ಎಂದೆ.

ಸೂಜಿಮಾಮ ವಾದಕ್ಕಿಳಿಯುತ್ತಾನೆ ಎಂದುಕೊಂಡೆ. ಅವನು ಮೆಲ್ಲಗೆ ಹೇಳಿದ: "ನಮ್ಮಮ್ಮಂಗೆ ಓದೋಕೆ ಬರ್ತಿರ್ಲಿಲ್ಲ ಯಜಮಾನ್ರೇ. ಸೂರ್ಯ ಇರೋ ಕಡೆ ಹಾಕಿದ್ರೆ ಮಗ ಮಲಗ್ತಾನೆ ಅಂತ ಮಾತ್ರ ಗೊತ್ತಿತ್ತು. ಅದು ಸುತ್ತೋದು ನೋಡ್ತಾ ನೋಡ್ತಾ ನಂಗೆ ನಿದ್ದೆ. ದೊಡ್ಡೋನಾದ್ಮೇಲೆ ಸರಿಯಾಗಿರೋದೊಂದು ತಂದೆ. ಅದೇ ಹಾಡು, ಅದೇ ದನಿ. ಆದ್ರೆ ಅದರಲ್ಲಿ ನಮ್ಮಮ್ಮ ಇರ್ಲಿಲ್ಲ."

ಅಪ್ಪ ಲೇಬಲ್ ಮೇಲೆ ಬೆರಳಾಡಿಸಿದರು. "ನಿದ್ದೆ ಚೆನ್ನಾಗಿ ಬರ್ತಿತ್ತಾ?" ಎಂದು ಕೇಳಿದರು.

"ಗಡದ್ದಾಗಿ."

ಪೆನ್ನು ಕೇಳಿದರು. ರೆಕಾರ್ಡಿನ ಹೊದಿಕೆಯ ಮೂಲೆಯಲ್ಲಿ, ಶಾಲೆಯ ಹುಡುಗನ ಹಾಗೆ ಒತ್ತಿ ಒತ್ತಿ ಬರೆದರು: ಗ್ರಹಣ. ಹಳಬರು ಆ ಅಡ್ಡಹೆಸರನ್ನು ಹೇಳಿರಲಿಲ್ಲವೇನೋ, ಸೂಜಿಮಾಮನಿಗೆ ಅರ್ಥವಾಗಲಿಲ್ಲ, ಆದರೂ ಕಣ್ಣಿಗೊತ್ತಿಕೊಂಡ.

ಅವನು ಹೋದ ಮೇಲೆ ಅಪ್ಪ, "ಇದ್ದ ಹಾಗೇ ಹಾಕು," ಎಂದರು.

"ಸರಿ ಮಾಡು ಅಂದ್ರಲ್ಲಪ್ಪ?"

"ಸರಿಯಾಗಿರೋದು ನನಗೊಬ್ಬನಿಗೆ ಬೇಕಿತ್ತು."

ನಿನ್ನೆ ಅಚ್ಚಿಗೆ ಕಳಿಸಿದೆ, ಸೂರ್ಯನನ್ನು ಜೋಗುಳದ ಬದಿಗೇ ಇಟ್ಟು. ಮಾಲೀಕರು ಹಣೆ ಚಚ್ಚಿಕೊಂಡರು. ಇಷ್ಟಗಲದ ಕಾಗದದಲ್ಲಿ ಏನಿದೆ ಎಂದು ಈ ರೆಕಾರ್ಡು ಕೂಡಿಡುವವರನ್ನು ನಾನೂ ಎಷ್ಟೋ ಸಲ ಆಡಿಕೊಂಡು ನಕ್ಕಿದ್ದೇನೆ. ಇನ್ನು ಮೇಲೆ ನಗುವುದಾದರೆ ಸ್ವಲ್ಪ ದೂರ ಹೋಗಿ ನಗುತ್ತೇನೆ.

ನಿನ್ನ ಕೆಮ್ಮು ಹೇಗಿದೆ? ಔಷಧಿ ಕುಡಿ, ಸಿಡಿಮಿಡಿ ಬಿಡಿ. ಇದು ನಿನಗೂ ನಿನ್ನ ಗಂಡನಿಗೂ ಸೇರಿಸಿ ಹೇಳಿದ್ದು. ಮಕ್ಕಳು ನಗುನಗುತ್ತಾ ಬೆಳೆಯಲಿ, ನಿನ್ನ ಮನೆ ತಣ್ಣಗಿರಲಿ.

ಇಂತು ನಿನ್ನ
ಅಣ್ಣ

ತಾ.ಕ.: ಲಕೋಟೆಗೆ ಹಾಕಿದವನು ಮತ್ತೆ ಹೊರತೆಗೆದೆ. ಲೇಬಲ್ ಅದಲುಬದಲಾದದ್ದು ಯಾವ ದಿನ ಎಂದು ಅಪ್ಪನನ್ನು ಕೇಳಿದ್ದೆ. ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ. "ಹೆಂಡತಿ ಸಾಯುವಾಗಲೂ ಮಿಷನ್ ಮುಂದೆ ನಿಂತಿದ್ದ ಮನುಷ್ಯ" ಎಂದು ನೀನು ಅವರೊಡನೆ ಮಾತು ಬಿಟ್ಟೆಯಲ್ಲ, ಅದೇ ದಿನ. ಬೆಳಿಗ್ಗೆ ಅಮ್ಮನೇ "ಇವತ್ತು ಪರವಾಗಿಲ್ಲ, ಹೋಗಿಬನ್ನಿ" ಎಂದು ಕಳಿಸಿದ್ದಳಂತೆ. "ಕೈ ಕೆಲಸ ಮಾಡ್ತಿತ್ತು ಕಣೋ, ನಾನು ಅಲ್ಲಿರ್ಲಿಲ್ಲ," ಎಂದರು. ನಿನಗೆ ಹೇಳಬೇಡ ಎಂದೂ ಅಂದರು. "ಅವಳ ಸಿಟ್ಟು ನಂಗೆ ಒಗ್ಗಿಹೋಗಿದೆ. ಈಗ ಹೇಳಿದ್ರೆ ಅವಳಿಗೆ ನೋವಾಗುತ್ತೆ."

ಹೇಳಿದ್ದೇನೆ.