ಗುಡ್ಡ ಹತ್ತದೆ ಮಾಡಿದ ಕರೆ

ವಾಲ್ ದಿ ಫ್ರೈಶೊ
ನವೆಂಬರ್ ೧೪, ಗುರುವಾರ

ಪ್ರೀತಿಯ ತಮ್ಮ ಅದೆರಿತೊ,

ನಿನ್ನ ಸೊಂಟ ಹೇಗಿದೆ? ಲಕ್ಸೆಂಬರ್ಗಿನ ಮಂಜಿಗೆ ಅದು ಹಿಡಿದುಕೊಂಡಿದೆ ಎಂದು ಹೋದ ತಿಂಗಳು ನೀನು ಗೋಳಾಡಿದ್ದೆ. ಊರವರ ಗೋಡೆಗೆಲ್ಲ ಬಣ್ಣ ಬಳಿಯುವವನಿಗೆ ಸೊಂಟವೇ ಬಂಡವಾಳ, ಹಾಗಾಗಿ ಮೊದಲು ಅದನ್ನೇ ವಿಚಾರಿಸುತ್ತಿದ್ದೇನೆ. ನಿನ್ನ ಹೆಂಡತಿ ಒದೆತ್ ಹೇಗಿದ್ದಾಳೆ? ಹೊಸ ಸೋಫಾದ ಮೇಲಿನ ಪ್ಲಾಸ್ಟಿಕ್ ತೆಗೆದಳೋ, ಇನ್ನೂ ಅದರ ಮೇಲೆಯೇ ಕೂರುತ್ತೀರೋ? ಇಲ್ಲಿ ಅಮ್ಮ ಆರೋಗ್ಯವಾಗಿದ್ದಾಳೆ, ಮಂಡಿಯೊಂದನ್ನು ಬಿಟ್ಟು. ಈ ಸಲ ಚೆಸ್ಟ್‌ನಟ್ ಕಾಯಿಗಳು ಸಣ್ಣವು, ಆದರೆ ಹುಳ ಬಿದ್ದಿಲ್ಲ.

ಫೋನು ಮಾಡುವುದು ಬಿಟ್ಟು ಅಕ್ಕ ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸುತ್ತಿರಬಹುದು. ಫೋನು ಈಗ ಅಮ್ಮನ ಜೇಬಿನಲ್ಲಿರುತ್ತದೆ. ನಾನು ನಿನಗೆ ಹೇಳಬೇಕಾದದ್ದು ಅವಳ ಕಿವಿಗೆ ಬೀಳಕೂಡದು. ಈ ವಾರ ಅವಳ ಕಿವಿಗೆ ಬಿದ್ದಷ್ಟೇ ಸಾಕು.

ಮೊದಲಿನಿಂದ ಹೇಳುತ್ತೇನೆ. ನಮ್ಮ ಮನೆಯ ಕಲ್ಲಿನ ಗೋಡೆ ದಾಟಿ ಸಿಗ್ನಲ್ ಒಳಗೆ ಬರುವುದಿಲ್ಲ ಎಂಬುದು ನಿನಗೆ ಗೊತ್ತು. ಅದು ನಿನಗೆ ಎಷ್ಟು ಅನುಕೂಲವಾಗಿತ್ತು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ನನ್ನ ಹಳೆಯ ಬಟನ್ ಫೋನು ಹಿಡಿದುಕೊಂಡು ಗುಡ್ಡದ ಮೇಲಿನ ಚಾಪೆಲ್‌ವರೆಗೆ ಹತ್ತಿ, ಗಾಳಿಗೆ ಬೆನ್ನು ಕೊಟ್ಟು ನಿಂತು ನಿನ್ನ ಜೊತೆ ಮಾತಾಡಿ ಕೆಳಗೆ ಬರುತ್ತಿದ್ದೆ. ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ?" ಎಂದು ಕೇಳುತ್ತಿದ್ದಳು. ಅವಳ ಮಂಡಿ ಕೈಕೊಟ್ಟ ಮೇಲೆ ಅವಳು ನಿನ್ನ ದನಿ ಕೇಳಿದ್ದು ನೀನು ಆಗಸ್ಟ್‌ನಲ್ಲಿ ಊರಿಗೆ ಬಂದಾಗ ಮಾತ್ರ. ಈ ವರ್ಷವಂತೂ ಆಗಸ್ಟ್ ಬಂತು, ನೀನು ಬರಲಿಲ್ಲ.

ಗುಡ್ಡ ಹತ್ತಬೇಕಾಗಿಲ್ಲ ಎಂದು ನನಗೆ ತಿಳಿಸಿದವಳು ಆ ಲುದೊವಿನಾ. ಪ್ಯಾರಿಸ್ಸಿನಲ್ಲಿ ಯಾರದೋ ಮೆಟ್ಟಿಲು ಒರೆಸಿ ಬಂದು, ಇಲ್ಲಿ ದೊಡ್ಡ ಸಾಹುಕಾರಳ ಹಾಗೆ ಸೆಂಟು ಹಾಕಿಕೊಂಡು ಓಡಾಡುತ್ತಾಳಲ್ಲ, ಅವಳೇ. ಅವಳ ಅಡುಗೆಮನೆಯಲ್ಲಿ ನಾನಿದ್ದಾಗಲೇ ಫೋನು ರಿಂಗಾಯಿತು. ನಾನು ಬಾಯಿ ಬಿಟ್ಟು ನೋಡಿದೆ. "ಇದು ವೈಫೈ ಕಾಲಿಂಗು ಕಣೇ ಎತೆಲ್ವಿನಾ. ಮನೇಲಿರೋ ಇಂಟರ್ನೆಟ್ಟಿಂದ್ಲೇ ಬರುತ್ತೆ. ಅದೇ ನಂಬರು, ಅದೇ ಫೋನು. ಗುಡ್ಡ ಹತ್ತೋದು ಆಡಿನ ಕೆಲಸ" ಎಂದಳು. ಅವಳ ಮುಖಕ್ಕೆ ಕಾಫಿ ಎರಚಬೇಕು ಅನ್ನಿಸಿತು. ಆದರೆ ವಿಷಯ ನಿಜವಾಗಿತ್ತು. ನಮ್ಮ ಮನೆಯಲ್ಲೂ ಇಂಟರ್ನೆಟ್ ಇದೆಯಲ್ಲ. ರಜೆಯಲ್ಲಿ ನಿನ್ನ ಫುಟ್‌ಬಾಲ್ ತಪ್ಪಿಹೋಗಬಾರದೆಂದು ನೀನೇ ಹಾಕಿಸಿದ್ದು. ಅಮ್ಮನ ದನಿ ಕೇಳಲು ಒಂದು ತಂತಿ ಎಳೆಸಬೇಕೆಂದು ನಿನಗೆ ತೋಚಲಿಲ್ಲ, ಹನ್ನೊಂದು ಗಂಡಸರು ಚೆಂಡಿನ ಹಿಂದೆ ಓಡುವುದನ್ನು ನೋಡಲು ತೋಚಿತು.

ಸರಿ, ಹೊಸ ಫೋನು ಕೊಳ್ಳಲು ಬಸ್ಸು ಹತ್ತಿ ಪೇಟೆಗೆ ಹೋದೆ. ಅಂಗಡಿಯವನು ಬಿಗಿ ಪ್ಯಾಂಟಿನ ಮನುಷ್ಯ, ಕೂದಲಿಗೆ ಅರ್ಧ ಬಾಟಲಿ ಎಣ್ಣೆ. ನಾನು ಬಾಯಿ ತೆರೆಯುವ ಮೊದಲೇ ಕ್ಯಾಮೆರಾ ತೋರಿಸತೊಡಗಿದ. ಈ ಕ್ಯಾಮೆರಾದಲ್ಲಿ ಚಂದ್ರ ಸ್ಪಷ್ಟವಾಗಿ ಕಾಣುತ್ತಾನಂತೆ. ಚಂದ್ರ ನಮ್ಮ ಹಿತ್ತಲಲ್ಲಿ ಪುಕ್ಕಟೆ ಕಾಣುತ್ತಾನೆ ಎಂದೆ. "ಹಾಗಾದ್ರೆ ಇದು ತಗೊಳ್ಳಿ ಮೇಡಂ, ವಯಸ್ಸಾದೋರೆಲ್ಲ ಇದನ್ನೇ ತಗೊಳ್ಳೋದು" ಎಂದು ಇನ್ನೊಂದನ್ನು ಮುಂದಿಟ್ಟ. ಹೊಸದು ಕೊಳ್ಳುತ್ತೇನೆ ಎಂದಷ್ಟೇ ಗುಡ್ಡದ ಮೇಲಿಂದ ತಿಳಿಸಿದಾಗ ನೀನು ಹೇಳಿದ್ದೂ ಅದನ್ನೇ, "ಇರೋದ್ರಲ್ಲಿ ಕಡಿಮೇದು ತಗೋ ಅಕ್ಕಾ, ನಿಂಗ್ಯಾಕೆ ದೊಡ್ಡದು" ಎಂದು. ಇದರಲ್ಲಿ ವೈಫೈ ಕಾಲಿಂಗ್ ಇದೆಯೇ ಎಂದು ಕೇಳಿದೆ. "ಎಲ್ಲದ್ರಲ್ಲೂ ಇರುತ್ತೆ" ಎಂದ, ನನ್ನ ಮುಖವನ್ನೂ ನೋಡದೆ. ಸೆಟ್ಟಿಂಗಿನಲ್ಲಿ ತೆಗೆದು ತೋರಿಸು ಎಂದೆ. ಉಜ್ಜಿದ, ತಡಕಿದ. ಅದರಲ್ಲಿ ಇರಲಿಲ್ಲ. "ಸಿಮ್ಮಿನ ಕಂಪನಿಯೋರು ಕೂಡ ಒಪ್ಪಬೇಕು ಮೇಡಂ, ಹಾಗೆಲ್ಲ ಹೇಳಕ್ಕಾಗಲ್ಲ" ಎಂದು ರಾಗ ಎಳೆದ. ಒಪ್ಪುತ್ತಾರೋ ಇಲ್ಲವೋ ಅವರನ್ನೇ ಕೇಳು, ನಾನು ಕಾಯುತ್ತೇನೆ ಎಂದು ಅವನ ಒಂದೇ ಒಂದು ಕುರ್ಚಿಯಲ್ಲಿ ಕುಳಿತೆ. ಹಿಂದೆ ನಿಂತಿದ್ದವರು ನಿಟ್ಟುಸಿರು ಬಿಟ್ಟರು. ಬಿಡಲಿ.

ಕೊನೆಗೆ ಒಂದು ಸಿಕ್ಕಿತು. ಅಂಥ ಚಂದದ್ದೇನಲ್ಲ, ಅಂಚು ಸ್ವಲ್ಪ ದಪ್ಪ. ಹಾಗೆಂದು ಅವನ ಮಾತು ನಂಬಿ ಎದ್ದು ಬರಲಿಲ್ಲ. ನನ್ನ ಸಿಮ್ ಹಾಕಿಸಿ, ಸಿಗ್ನಲ್ ಬರದ ಹಾಗೆ ಏರೋಪ್ಲೇನ್ ಮೋಡ್‌ಗೆ ಹಾಕಿಸಿ, ಆಮೇಲೆ ಅಂಗಡಿಯ ವೈಫೈ ಒಂದನ್ನೇ ತೆರೆಸಿ, ಈಗ ನನಗೆ ಫೋನು ಮಾಡು ಎಂದೆ. ಮಾಡಿದ. ನನ್ನ ಕೈಯಲ್ಲಿ ಅದು ರಿಂಗಾಯಿತು. ಹೆಸರಿನ ಪಕ್ಕ ಪುಟ್ಟದಾಗಿ ವೈಫೈ ಗುರುತೂ ಬಂತು. "ಆ ಕಡೆಯೋರಿಗೆ ಏನೂ ಗೊತ್ತಾಗಲ್ಲ ಮೇಡಂ, ಮಾಮೂಲಿ ಕಾಲ್ ಥರಾನೇ ಇರುತ್ತೆ" ಎಂದ. ಅವನು ಹೇಳಿದ್ದರಲ್ಲಿ ನಿಜವಾದದ್ದು ಅದೊಂದೇ ಮಾತು.

ಮನೆಗೆ ಬಂದು ಅಮ್ಮನಿಗೆ ತೋರಿಸಿದೆ. ಅವಳು ಕೈ ತೊಳೆದು, ಒರೆಸಿ, ಆಮೇಲೆ ಮುಟ್ಟಿದಳು. ಸೇಂಟ್ ಮಾರ್ಟಿನ್ ಹಬ್ಬದ ಸಂಜೆ, ಒಲೆಯಲ್ಲಿ ಚೆಸ್ಟ್‌ನಟ್ ಸಿಡಿಯುತ್ತಿತ್ತು. ಅವಳು ತಲೆ ಬಾಚಿಕೊಂಡಳು, ಅದೆರಿತೊ. ಫೋನಿನಲ್ಲಿ ಮುಖ ಕಾಣುವುದಿಲ್ಲ ಅಮ್ಮಾ, ದನಿ ಮಾತ್ರ ಎಂದೆ. "ಇರ್ಲಿ ಬಿಡು" ಎಂದು ಒಳ್ಳೆಯ ಶಾಲನ್ನೂ ಹೊದ್ದಳು. ಅವಳಿಗೆ ಕಿವಿ ಮಂದವಲ್ಲವೇ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

ನೀನು ಎತ್ತಿದೆ. ಅಮ್ಮ ಇಲ್ಲೇ ಇದ್ದಾಳೆ ಎನ್ನಲು ಬಾಯಿ ತೆರೆದೆ, ನೀನು ಬಿಡಲಿಲ್ಲ. "ಬೇಗ ಹೇಳು ಅಕ್ಕಾ, ಮನೇಲಿ ಜನ ಇದ್ದಾರೆ. ಕ್ರಿಸ್‌ಮಸ್‌ಗೂ ಬರಲ್ಲ ನಾನು, ರಜಾ ಸಿಗ್ಲಿಲ್ಲ ಅಂತ ಮುದುಕಿಗೆ ಏನಾದ್ರೂ ಹೇಳು" ಎಂದೆ. ಫೋನು ಕತ್ತರಿಸಿಬಿಡೋಣವೆಂದು ನಾನು ಕೈ ಚಾಚಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ನೀನು ಮುಂದುವರಿಸಿದೆ. "ಬಂದ್ರೆ ಏನಿದೆ? ಉಂಡ್ಯಾ, ಚಳಿ ಇದ್ಯಾ, ಉಂಡ್ಯಾ, ಚಳಿ ಇದ್ಯಾ. ಅದನ್ನೇ ಹತ್ತು ಸಲ ಕೇಳ್ತಾಳೆ. ಒದೆತ್‌ಗಂತೂ ತಲೆ ಚಿಟ್ಟು ಹಿಡಿಯುತ್ತೆ. ಪೇಟೆ ಸಿಸ್ಟರ್‌ಗಳ ವೃದ್ಧಾಶ್ರಮದಲ್ಲಿ ಅವಳನ್ನ ಬಿಡೋ ವಿಷ್ಯ ಏನ್ ಮಾಡ್ದೆ? ನೀನೂ ಎಷ್ಟು ದಿನ ಅಂತ ಸಾಯ್ತೀಯ ಅವಳ ಜೊತೆ? ಮುತ್ತು ಕಳಿಸ್ದ ಅಂತ ಹೇಳ್ಬಿಡು, ಯಾವಾಗ್ಲೂ ಹೇಳೋ ಹಾಗೆ."

ನಾನು ಗುಡ್ಡದ ಮೇಲೆ ಒಬ್ಬಳೇ ನಿಂತಿದ್ದೇನೆ ಎಂದುಕೊಂಡೇ ನೀನು ಅಷ್ಟನ್ನೂ ಆಡಿದೆ. ಆ ಧೈರ್ಯ ಕೊಟ್ಟದ್ದು ನಮ್ಮ ಕಲ್ಲಿನ ಗೋಡೆ. ಎದುರಿಗೆ ಅಮ್ಮ ಇದ್ದಿದ್ದರೆ ಬೆಕ್ಕಿನ ಮರಿಯ ಹಾಗೆ ಕಾಲಿಗೆ ಸುತ್ತಿಕೊಳ್ಳುತ್ತಿದ್ದೆ, ಅವಳು ಹಬೆಯಾಡುವ ಸೂಪನ್ನು ನಿನ್ನ ತಟ್ಟೆಗೆ ಮೊದಲು ಬಡಿಸುತ್ತಿದ್ದಳು. ನಲವತ್ತೇಳು ವರ್ಷದ ಗಂಡಸು ನೀನು. ಹೆತ್ತವಳು ಉಂಡೆಯಾ ಎಂದು ಕೇಳಿದರೆ ನಿನಗೆ ಬೇಸರ. ನಾನು ನಿನ್ನನ್ನು ಬೈಯಬೇಕೆಂದೇ ಈ ಕಾಗದ ಹಿಡಿದೆ. ಬರೆಯುತ್ತಾ ನೋಡಿದರೆ, ಬೈಯಲು ಬೇಕಾದಷ್ಟು ಮನುಷ್ಯನೂ ನೀನು ಉಳಿದಿಲ್ಲ. ಆ ಅಂಗಡಿಯವನೇ ವಾಸಿ, ಅವನು ಸುಳ್ಳು ಹೇಳುವಾಗ ನಾನು ಮುಂದೆಯೇ ಕುಳಿತಿದ್ದೆ.

ನೀನು ಫೋನು ಇಟ್ಟ ಮೇಲೆ ಅಮ್ಮ ನನ್ನ ಕೈ ಬಿಟ್ಟಳು. "ಅವನಿಗೆ ಮನೆ ತುಂಬ ಜನ, ಪಾಪ" ಎಂದಳು. ಶಾಲು ಮಡಿಸಿ ಪೆಟ್ಟಿಗೆಯೊಳಗಿಟ್ಟಳು. ನನಗೆ ಚೆಸ್ಟ್‌ನಟ್ ಸುಲಿದು ಕೊಟ್ಟಳು, ತಾನು ತಿನ್ನಲಿಲ್ಲ.

ಒದೆತ್‌ಗೆ ನನ್ನ ನೆನಪು ತಿಳಿಸು. ತಲೆ ಚಿಟ್ಟಿಗೆ ಮಾತ್ರೆ ಸಿಗುತ್ತದೆ ಎಂದೂ ಹೇಳು. ನಿನ್ನ ಸೊಂಟವನ್ನು ದೇವರು ಕಾಪಾಡಲಿ, ಉಳಿದದ್ದನ್ನು ಅವನೂ ಏನು ಮಾಡಿಯಾನು.

ನಿನ್ನ ಅಕ್ಕ,
ಎತೆಲ್ವಿನಾ

ಹಿಂಬರಹ: ಅಂಚೆಯವನು ಬರುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಆ ಸಂಜೆ ಬರೀ ಬುಸ್‌ ಎನ್ನುವ ಸದ್ದು ಬಂತು, ಒಂದು ಮಾತೂ ಕೇಳಿಸಲಿಲ್ಲ ಎಂದು ಅಮ್ಮ ಲುದೊವಿನಾಗೆ ಹೇಳಿದ್ದಾಳೆ. ನನಗೂ ಹಾಗೇ ಹೇಳುತ್ತಾಳೆ, ನನ್ನ ಕಣ್ಣನ್ನೇ ನೋಡುತ್ತಾ. ನಿನ್ನ ನಂಬರು ಒತ್ತುವುದನ್ನು ಕಲಿಸಿಕೊಂಡಿದ್ದಾಳೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಚರ್ಚಿನ ಮಾಸ್ ಪೂಜೆ ಮುಗಿಸಿ ಬಂದು ತಾನೇ ಮಾಡುತ್ತಾಳಂತೆ. ಎತ್ತು. ಅವತ್ತು ಏನೂ ಕೇಳಿಸಲಿಲ್ಲ ಎಂದು ಅವಳು ಅಂದರೆ ನೀನೂ ಹೌದೆನ್ನು, ಕ್ಷಮೆ ಗಿಮೆ ಎಂದು ಬಾಯಿ ಬಿಡಬೇಡ. ಉಂಡೆಯಾ ಎಂದು ಕೇಳಿದರೆ ಏನು ಉಂಡೆ ಎಂದು ಹೇಳು. ಮತ್ತೆ ಕೇಳಿದರೆ ಮತ್ತೆ ಹೇಳು.